ಇನ್ನೂರು ಬಿಳಿ ತುಂಡು

"ಮುಗೀತಮ್ಮ!" ಎಂದು ಕುರ್ಚಿಯಲ್ಲಿ ಕೂತಿದ್ದ ಮಗ ಜಿಗ್‌ಸಾ ಜೋಡಣೆ-ಚಿತ್ರದ ಕೊನೆಯ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುವುದಕ್ಕೂ, ತಪಾಸಣೆಗೆಂದು ಎರಡು ದಿನ ಆಸ್ಪತ್ರೆಯಲ್ಲಿದ್ದ ತಾಯಿ ಸೊಸೆಯ ಜೊತೆ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಮೇಜಿನ ಮೇಲೆ ಜಪಾನಿನ ಹಿಮಪರ್ವತ ನೆತ್ತಿಯವರೆಗೂ ತುಂಬಿ ನಿಂತಿತ್ತು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಎಡಗೈಯೊಂದರಲ್ಲೇ ಆರು ವಾರ ಹೆಣಗಿ ತಾಯಿ ಕೆರೆ, ದೋಣಿ, ಹೂಮರ ಜೋಡಿಸಿದ್ದಳು. ಉಳಿದಿದ್ದದ್ದು ಹಿಮದ ಇನ್ನೂರು ಬಿಳಿ ತುಂಡು ಮಾತ್ರ.

"ನಿಂಗೆ ಕಷ್ಟ ಅಂತ ನಾನೇ ಮಾಡ್ಬಿಟ್ಟೆ."

ನಲವತ್ತು ವರ್ಷ ಬಟ್ಟೆ ಹೊಲಿದವಳು ಎಡಗೈ ಬೆರಳನ್ನು ಹಿಮದ ಮೇಲೆ ಆಡಿಸಿದಳು. ಒಂದು ಕಡೆ ಬೆರಳು ಎಡವಿತು. ಎಳೆದು ಕೂರಿಸಿದ ರವಿಕೆ ತೋಳಿನ ಹೊಲಿಗೆಯ ಹಾಗೆ ಒಂದು ತುಂಡು ಉಬ್ಬಿಕೊಂಡಿತ್ತು.

"ಇದು ಇಲ್ಲಿಯದಲ್ಲ. ಒತ್ತಿ ತುರುಕಿದ್ದೀಯ."

"ಒಂದೇ ಒಂದು ತಾನೇ? ಯಾರಿಗೆ ಕಾಣುತ್ತೆ, ಬಿಡಮ್ಮ!"

ಆಕೆ ಜೋತುಬಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಪರ್ವತದ ಮೇಲಿಟ್ಟು, ಒಂದೇ ಸಲ ಮುಂದಕ್ಕೆ ತಳ್ಳಿದಳು. ಇನ್ನೂರು ತುಂಡು ಹಿಮವೂ ಮಗನ ಮಡಿಲಿಗೆ ಸುರಿಯಿತು.

"ಅಮ್ಮಾ!"

"ತಪ್ಪು ಮಾಡೋದಾದ್ರೂ ನಾನೇ ಮಾಡ್ತೀನಿ. ಏಳೋ, ಅದು ನನ್ನ ಕುರ್ಚಿ."