ಒಂದು ಹೆಜ್ಜೆಯ ದಾರಿ

ಅವ್ವನ ಇಳಕಲ್ ಸೀರೆ ಉಟ್ಟು ಅಕ್ಕ ಯಾರದೋ ಮದುವೆಗೆ ಹೋಗಿದ್ದಳಂತೆ. ಸುದ್ದಿ ಕೇಳಿದ್ದೇ ತಡ, ಮೂರು ವರ್ಷದಿಂದ ಮಾತು ಬಿಟ್ಟಿದ್ದ ನೀಲವ್ವ ಬೈಯಲೆಂದೇ ಬಾಗಲಕೋಟೆಯಿಂದ ಅಕ್ಕನಿರುವ ಕಾರವಾರಕ್ಕೆ ಹೊರಟಳು. ಬರಿಗೈಲಿ ಹೋಗಬಾರದೆಂದು ನಾಲ್ಕು ರೊಟ್ಟಿಯನ್ನೂ ಕಟ್ಟಿಕೊಂಡಳು.

ಬಸ್ಸಿನ ಕಾಲದಲ್ಲಾಗಿದ್ದರೆ ಹುಬ್ಬಳ್ಳಿ ದಾಟುವಷ್ಟರಲ್ಲಿ ಅರ್ಧ ಸಿಟ್ಟು ಇಳಿಯುತ್ತಿತ್ತು. ಉಳಿದರ್ಧ ಘಟ್ಟದಲ್ಲಿ ವಾಂತಿಯ ಜೊತೆ ಹೋಗುತ್ತಿತ್ತು. ಈಗ ಓಣಿಯ ತುದಿಯಲ್ಲಿ ನಿಲ್ಲಿಸಿರುವ ಮಾಯದ ಬಾಗಿಲಿಗೆ ಊರಿನ ಹೆಸರು ಹೇಳಿ ಕಾಲೆತ್ತಿದರೆ, ಆ ಕಾಲು ಊರುವುದು ಕಾರವಾರದಲ್ಲೇ. ರೊಟ್ಟಿಯೂ ಸಿಟ್ಟೂ ಬಿಸಿಬಿಸಿಯಾಗಿಯೇ ತಲುಪಿದವು.

“ಅವ್ವನ ಸೀರಿ ನನ್ನ ಕೇಳದ ಹೆಂಗ ಉಟ್ಟಿ?”

ಅಕ್ಕ ಶಾಂತವ್ವ ಒಳಗೆ ಹೋಗಿ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದಳು. ಇಂಥ ಬಾಗಿಲುಗಳು ಬಂದ ಮೇಲೆ ಯಾರೂ ಯಾರಿಗೂ ಮಾಡದ ಉಪಚಾರ ಅದು.

“ಮೊದಲು ಕಾಲು ತೊಳಕೊ. ದೂರದಿಂದ ಬಂದೀದಿ, ದಣದಿರಬೇಕು.”

“ಎಲ್ಲಿ ದೂರ? ಒಂದ ಹೆಜ್ಜಿ.”

“ಆ ಒಂದ ಹೆಜ್ಜಿಗೆ ಮೂರು ವರ್ಷ ಹಿಡೀತಲ್ಲ ನಿನಗ.”

ನೀಲವ್ವ ಕಾಲು ತೊಳೆದಳು. ಬೆಲ್ಲ ಬಾಯಿಗೆ ಹಾಕಿಕೊಂಡಳು. ಆಮೇಲೆ ರೊಟ್ಟಿಯ ಗಂಟನ್ನು ಅಕ್ಕನ ಕಡೆ ಸರಿಸಿದಳು.

“ಇನ್ನೂ ಬಿಸಿ ಅದಾವ. ಆರೋದ್ರಾಗ ತಿನ್ನು.”