ನಿಲ್ಲದ ರಕ್ತ

ಹದಿನೇಳನೇ ಟ್ಯೂಬಿನ ರಕ್ತ ಮತ್ತೆ ಕುಣಿಯತೊಡಗಿದಾಗ ಲ್ಯಾಬಿನ ಮಹಾನಂದಾಳಿಗೆ ರೇಗಿಹೋಯಿತು. ಕೊಟ್ಟವರ ಮನಸ್ಸು ತಣ್ಣಗಾಗುವವರೆಗೆ ಅವರ ರಕ್ತವೂ ಟ್ಯೂಬಿನಲ್ಲಿ ಸುಮ್ಮನಿರುವುದಿಲ್ಲ. ಸುಮ್ಮನಿರದ ರಕ್ತವನ್ನು ಮೆಷಿನ್ ಮುಟ್ಟುವುದಿಲ್ಲ. ಬೆಳಗಿನಿಂದ ಒಬ್ಬೊಬ್ಬರನ್ನೂ ಸಮಾಧಾನಪಡಿಸುವುದೇ ಅವಳ ಕೆಲಸವಾಗಿತ್ತು.

ಕಿಟಕಿಯ ಗಾಜು ಸರಿಸಿ, "ಹದಿನೇಳು ಯಾರ್ರೀ?" ಎಂದು ಕೂಗಿದಳು.

ಬಸ್ ಕಂಡಕ್ಟರ್ ರುದ್ರಮುನಿ ನಗುತ್ತಲೇ ಎದ್ದು ಬಂದ. "ನಾನ ರೀ ಅಕ್ಕಾರ. ನನಗೇನೂ ಹೆದರಿಕಿಲ್ಲ."

"ನಿಮಗಿಲ್ಲ, ನಿಮ್ಮ ರಕ್ತಕ್ಕೈತಿ. ಏನ್ ವಿಚಾರ ಮಾಡಾಕತ್ತೀರಿ, ಹೇಳ್ರಿ."

ಅವನು ಬೆಂಚಿನ ಮೇಲಿದ್ದ ಹೆಂಡತಿಯತ್ತ ನೋಡಿ ದನಿ ತಗ್ಗಿಸಿದ. "ಏನರ ಬರ್ಲಿ, ಮೊದಲ ನನಗೊಬ್ಬನಿಗೇ ಹೇಳ್ರಿ. ಮುಚ್ಚಿಡಬ್ಯಾಡ್ರಿ."

"ಆತು, ಮುಚ್ಚಿಡಂಗಿಲ್ಲ."

ಟ್ಯೂಬು ತಟ್ಟನೆ ಶಾಂತವಾಯಿತು.

ಗಂಟೆಯೊಳಗೆ ರಿಪೋರ್ಟ್ ಬಂತು. ಮಹಾನಂದಾ ಅದನ್ನು ಎರಡು ಸಲ ಓದಿದಳು. ಮಡಚಿ ಲಕೋಟೆಗೆ ಹಾಕಿ, ಮುಖ ಒರೆಸಿಕೊಂಡು ಕಿಟಕಿಗೆ ಬಂದಳು. "ಅಂಥಾದ್ದೇನಿಲ್ಲ ಬಿಡ್ರಿ, ಡಾಕ್ಟರ್ ಎಲ್ಲಾ ಹೇಳ್ತಾರ," ಎಂದು ನಕ್ಕಳು.

ರುದ್ರಮುನಿ ಅವಳ ಮುಖವನ್ನು ನೋಡುತ್ತಿರಲಿಲ್ಲ. ಸಿಬ್ಬಂದಿಯ ತಪಾಸಣೆಗೆಂದು ಅವಳೇ ಬೆಳಿಗ್ಗೆ ಕೊಟ್ಟಿದ್ದ ರಕ್ತದ ಟ್ಯೂಬು, ಅವಳ ಹೆಸರಿನ ಚೀಟಿ ಅಂಟಿಸಿಕೊಂಡು, ಅವಳ ಬೆನ್ನ ಹಿಂದಿನ ಸ್ಟ್ಯಾಂಡಿನಲ್ಲಿತ್ತು. ಅವನ ಕಣ್ಣು ಅಲ್ಲಿತ್ತು.

"ಅಕ್ಕಾರ," ಎಂದ ಮೆಲ್ಲಗೆ, "ನಿಮ್ಮ ಟ್ಯೂಬ್ ಕುಣಿಯಾಕತ್ತೇತ್ರಿ."