ಬರುವುದಾದರೆ ಒಂದು ಒತ್ತಿ

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕಾದ ಪರೀಕ್ಷೆ ಇವತ್ತು ಮುಗಿಯಲೇ ಒಲ್ಲದು. ಅವಳು ಕಂಪ್ಯೂಟರಿನ ಪರದೆಯನ್ನೇ ದಿಟ್ಟಿಸುತ್ತ ಕೂತಳು. ಕೊನೆಗೂ ಹಸಿರು ಸಾಲು ಮೂಡಿತು: ‘ಅಕ್ಕ ಫೋನ್ ಎತ್ತಿದರು. ಒಂದು ಒತ್ತಿದರು. ಪಾಸ್.’ ಫಲಿತಾಂಶವೇನೋ ದಿನದಂತೆಯೇ ಇತ್ತು. ಆದರೆ ಇಷ್ಟು ಹೊತ್ತು ಯಾಕೆ? ಇನ್ನೊಮ್ಮೆ ಓಡಿಸಿದಳು, ಸ್ವಲ್ಪ ಬೇಗ ಬಂತು. ಮತ್ತೊಮ್ಮೆ ಓಡಿಸಿದಳು, ಇನ್ನೂ ಬೇಗ. ಪಕ್ಕದ ಮೇಜಿನ ಮೇಷ್ಟ್ರನ್ನು ಕೇಳಿದರೆ, ಪಾಸಾದದ್ದನ್ನು ಕೆದಕಬಾರದಮ್ಮ ಎಂದು ಚಹಾ ಹೀರಿದರು. ಅವರು ಎಲ್ಲೂ ಪಾಠ ಹೇಳಿ ಬಂದವರಲ್ಲ. ಮಾತೆತ್ತಿದರೆ ಬುದ್ಧಿ ಹೇಳುವ ಚಾಳಿಗೆ ಆಫೀಸಿನವರು ಇಟ್ಟ ಹೆಸರು ಅದು.

ಹಲ್ಲಿನ ಆಸ್ಪತ್ರೆಯೊಂದಕ್ಕೆ ಅವರಿಬ್ಬರೂ ಬರೆಯುತ್ತಿದ್ದ ಪ್ರೋಗ್ರಾಂ, ರೋಗಿಗಳಿಗೆ ಅವರು ಬರಬೇಕಾದ ದಿನದ ಮುನ್ನಾದಿನವೇ ಫೋನ್ ಮಾಡಿ ನೆನಪಿಸಬೇಕು. ಅದು ತಾನೇ ಡಯಲ್ ಮಾಡುವುದಿಲ್ಲ. ಆ ಕೆಲಸಕ್ಕೆ ‘ಡಯಲ್’ ಎಂಬ ಬೇರೊಂದು ಕಮಾಂಡ್ ಇದೆ, ಅದಕ್ಕೆ ಅಪ್ಪಣೆ ಕೊಡುತ್ತದೆ ಅಷ್ಟೇ. ಪರೀಕ್ಷೆ ಮಾಡಿದಾಗಲೆಲ್ಲ ನಿಜವಾಗಿ ಫೋನ್ ಹೋದರೆ ಊರವರ ಶಾಪ ತಟ್ಟೀತು. ಅದಕ್ಕೇ ಅವಳು ಅದೇ ಹೆಸರಿನ ಒಂದು ನಕಲಿಯನ್ನು ಬರೆದು ಅಸಲಿಗಿಂತ ಮುಂದೆ ನಿಲ್ಲಿಸಿದ್ದಳು. ನಕಲಿ ಯಾರಿಗೂ ಫೋನ್ ಮಾಡುವುದಿಲ್ಲ. ಎತ್ತಿದರು, ಒಂದು ಒತ್ತಿದರು ಎಂದು ಹಸಿ ಸುಳ್ಳು ಹೇಳಿ ಕೈತೊಳೆದುಕೊಳ್ಳುತ್ತದೆ.

ಹೇಗೂ ಹೋಗದ ಕರೆ ತಾನೆ, ಯಾವ ನಂಬರಾದರೇನು? ರೋಗಿಯ ಹೆಸರಿನ ಜಾಗದಲ್ಲಿ ‘ಅಕ್ಕ’ ಎಂದು ಬರೆದು, ಬಾಯಿಪಾಠವಾಗಿದ್ದ ಅಕ್ಕನ ನಂಬರನ್ನೇ ಹಾಕಿದ್ದಳು. ಅಮ್ಮ ಹೋದ ಮೇಲೆ ಜಡೆ ಹಾಕಿ, ತುತ್ತಿಟ್ಟು ಸಾಕಿದವಳು ಅಕ್ಕ. ಉಂಡೆಯಾ, ಮಲಗಿದೆಯಾ, ಸ್ವೆಟರ್ ಹಾಕಿಕೊಂಡೆಯಾ ಎಂದು ದಿನಾ ಫೋನಿನಲ್ಲಿ ತಲೆ ತಿನ್ನುತ್ತಿದ್ದವಳಿಗೆ ಒಂದು ದಿನ ಇವಳು, ನೀನೇನು ನನ್ನನ್ನ ಹೆತ್ತಿದೀಯಾ ಎಂದುಬಿಟ್ಟಳು. ಅಲ್ಲಿಗೆ ಮಾತು ನಿಂತಿತು. ಆಮೇಲೆ ಇವಳೇ ಸೋತು ಎಷ್ಟು ಸಲ ಫೋನ್ ಮಾಡಿದರೂ ಅಕ್ಕ ಎತ್ತಲಿಲ್ಲ. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು. ಕೆಲಸ ಬದಲಾಯಿತು, ಊರು ಬದಲಾಯಿತು, ಹೇಳಿಕೊಳ್ಳಲು ಅಕ್ಕನಿಲ್ಲ. ಈಗ ಸ್ವೆಟರ್ ಹಾಕಿಕೊಂಡೆಯಾ ಎಂದು ಯಾರಾದರೂ ಕೇಳಬಾರದೇ ಎಂದು ಜೀವ ಹಂಬಲಿಸುತ್ತಿತ್ತು. ಆ ಪರೀಕ್ಷೆಯನ್ನು ಅವಳು ಬೇಕಾದದ್ದಕ್ಕಿಂತ ಹೆಚ್ಚು ಸಲ ಓಡಿಸುತ್ತಿದ್ದುದು ಅದಕ್ಕೇ. ತಾನೇ ಬರೆದ ಸುಳ್ಳೆಂದು ಗೊತ್ತಿದ್ದೂ, ‘ಅಕ್ಕ ಫೋನ್ ಎತ್ತಿದರು’ ಎಂದು ಓದಿದಾಗ ಎದೆ ಹಗುರಾಗುತ್ತಿತ್ತು. ಹುಚ್ಚೇ ಸರಿ.

ಊಟ ಮುಗಿಸಿ ಬಂದ ಮೇಲೂ ಬೆಳಗಿನ ಆ ನಿಧಾನ ತಲೆಯಿಂದ ಹೋಗಲಿಲ್ಲ. ಪ್ರೋಗ್ರಾಂನಲ್ಲಿ ಏನೇನು ಬದಲಾಗಿದೆ ಎಂದು ಹುಡುಕುತ್ತ ಹೋದಾಗ ಮೇಷ್ಟ್ರ ಕೈವಾಡ ಸಿಕ್ಕಿತು. ಎಲ್ಲ ಅಚ್ಚುಕಟ್ಟು ಮಾಡುವ ಹುಮ್ಮಸ್ಸಿನಲ್ಲಿ ಅವರು, ‘ಡಯಲ್’ ಎಂಬ ಬರೀ ಹೆಸರಿದ್ದ ಕಡೆ ಆ ಕಮಾಂಡ್ ಇರುವ ಜಾಗದ ಪೂರ್ತಿ ವಿಳಾಸ ಬರೆದಿದ್ದರು. ಹೆಸರು ಹಿಡಿದು ಕೂಗಿದರೆ ಮುಂದೆ ನಿಂತ ನಕಲಿ ಓಗೊಡುತ್ತದೆ. ವಿಳಾಸ ಹಿಡಿದು ಹೋದರೆ ಅಸಲಿಯೇ ಬಾಗಿಲು ತೆಗೆಯುತ್ತದೆ.

“ಮೇಷ್ಟ್ರೇ, ನಕಲಿ ಕೆಲಸಾನೇ ಮಾಡಿಲ್ಲ,” ಅಂದಳು. “ಫೋನು ನಿಜವಾಗ್ಲೂ ಹೋಗಿದೆ.”

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಇಬ್ಬರೂ ಸೇರಿ ಬೆಳಗಿನ ಕರೆಗಳ ವಿವರ ತೆಗೆದು ನೋಡಿದರು. ಮೊದಲ ಸಲ ಬಹಳ ಹೊತ್ತು ರಿಂಗಾದ ಮೇಲೆ ಅಕ್ಕ ಎತ್ತಿದ್ದಳು, ಸಂದೇಶವನ್ನು ಪೂರ್ತಿ ಕೇಳಿದ್ದಳು, ಆಮೇಲೂ ಸುಮ್ಮನಿದ್ದು ಒಂದು ಒತ್ತಿದ್ದಳು. ಎರಡನೆಯ ಸಲ ಸಂದೇಶ ಮುಗಿಯುವ ಮುನ್ನವೇ ಒತ್ತಿದ್ದಳು. ಮೂರನೆಯ ಸಲ ಫೋನನ್ನು ಸರಿಯಾಗಿ ಬಡಿದುಕೊಳ್ಳಲೂ ಬಿಟ್ಟಿರಲಿಲ್ಲ, ಎತ್ತಿದ್ದೇ ಒಂದು ಒತ್ತಿದ್ದಳು.

ಆಗ ಅವಳಿಗೆ ಸಂದೇಶದ ದನಿ ಯಾರದೆಂದು ನೆನಪಾಯಿತು. ದನಿ ಕೊಡುವವರು ಇನ್ನೂ ಗೊತ್ತಾಗಿರಲಿಲ್ಲವೆಂದು ಅದನ್ನು ಸದ್ಯಕ್ಕೆ, ಆಸ್ಪತ್ರೆಯ ಹೆಸರನ್ನೂ ಸೇರಿಸದೆ, ತಾನೇ ಓದಿ ಹಾಕಿದ್ದಳು: ‘ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ತಪ್ಪದೆ ಬನ್ನಿ. ಬರುವುದಾದರೆ ಒಂದು ಒತ್ತಿ. ಇಲ್ಲವಾದರೆ ಎರಡು ಒತ್ತಿ.’ ಗುರುತಿಲ್ಲದ ನಂಬರು ಯಾರದೋ ಎಂದು ಅಕ್ಕ ಎತ್ತಿದ್ದಾಳೆ. ಕಿವಿಗಿಟ್ಟರೆ ತಂಗಿಯ ದನಿ.

ಈಗಲೇ ಫೋನ್ ಮಾಡಿ ತಪ್ಪಾಯ್ತು ಅಂತ ಹೇಳಿಬಿಡು, ಪಾಪ, ಆಸೆ ಇಟ್ಟುಕೊಂಡಿರುತ್ತಾರೆ ಎಂದರು, ಅವಳಿಂದ ಎಲ್ಲ ಕೇಳಿ ತಿಳಿದ ಮೇಷ್ಟ್ರು. ಈ ಸಲ ಅವರ ದನಿಯಲ್ಲಿ ಬುದ್ಧಿವಾದ ಇರಲಿಲ್ಲ. ಅವರು ಹೇಳಿದ್ದೂ ಸರಿಯೇ. ನಿಜ ಹೇಳಿದರೆ ಅಕ್ಕ ಇನ್ನೆಂದೂ ಎತ್ತಲಾರಳು. ಹೇಳದಿದ್ದರೆ ಯಂತ್ರ ಕೂಗಿದ ಕೂಗಿಗೆ ಕಾದು ಕೂರುತ್ತಾಳೆ. ಅವಳು ಮೆಟ್ಟಿಲ ಬಳಿ ಹೋಗಿ, ತನ್ನ ಸ್ವಂತ ಫೋನಿನಿಂದ ಅಕ್ಕನ ನಂಬರು ಒತ್ತಿದಳು. ಎತ್ತುತ್ತಾಳೆಂಬ ನಂಬಿಕೆಯೇನೂ ಇರಲಿಲ್ಲ.

ಒಂದೇ ರಿಂಗಿಗೆ ಎತ್ತಿದಳು. ಅತ್ತ ಕಡೆ ಬಸ್ಸುಗಳ ಹಾರನ್ನು, ಜನರ ಗದ್ದಲ. ಇವಳು, ಅಕ್ಕಾ, ಬೆಳಿಗ್ಗೆ ಬಂದ ಆ ಫೋನು ಇದೆಯಲ್ಲ ಎಂದು ಶುರು ಮಾಡಿದಳು. ಅಕ್ಕ ಮುಗಿಸಲು ಬಿಡಲಿಲ್ಲ.

“ನಾಳೆ ಹತ್ತು ಗಂಟೆ ತನಕ ನನ್ನ ಕೈಲಿ ಕಾಯೋಕಾಗಲ್ಲ ಪುಟ್ಟಿ. ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟಿದೀನಿ. ಕೌಂಟರಿನವನು ಎಲ್ಲಿಗೆ ಅಂತ ಕೇಳ್ತಿದಾನೆ,” ಅಂದಳು. “ನೀನೀಗ ಎಲ್ಲಿದೀಯ ಅಂತಾನೇ ನಂಗೆ ಗೊತ್ತಿಲ್ವಲ್ಲೇ. ಯಾವ ಊರಿಗೆ ಟಿಕೆಟ್ ತಗೊಳ್ಳಲಿ?”